ಸಹಾಯ ಬೇಕು: ಮಗ ಸುಮ್ನೆ ಸುಮ್ನೆ ಕಣ್ಣು ಮಿಟುಕಿಸುತ್ತಾನೆ

ನಮಸ್ಕಾರ, ನಾವು ಉಡುಪಿಯವರು. ಮಗನಿಗೆ 7 ವರ್ಷ. 2 ತಿಂಗಳಿಂದ ಕಣ್ಣು ಜೋರಾಗಿ ಮಿಟುಕಿಸುತ್ತಾನೆ. ಈಗ ಮೂಗು ಸೊಟ್ಟ ಮಾಡುವುದೂ ಸೇರಿದೆ. ಸುಸ್ತಾದಾಗ, ಟಿವಿ ನೋಡುವಾಗ, ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿ. ನಿದ್ದೆಯಲ್ಲಿ ಇಲ್ಲವೇ ಇಲ್ಲ. ಅತ್ತೆ ದೃಷ್ಟಿ ತೆಗೆದದ್ದೂ ಆಯಿತು!

ಕಣ್ಣಿನ ಡಾಕ್ಟರು ಅಲರ್ಜಿ ಇಲ್ಲ, ‘ಟಿಕ್ಸ್’ (ಬೇಡವೆಂದರೂ ಮತ್ತೆ ಮತ್ತೆ ಆಗುವ ಚಲನೆ ಅಥವಾ ಶಬ್ದ) ಇರಬಹುದು ಎಂದರು. ಈ ವಯಸ್ಸಿನಲ್ಲಿ ಸಾಮಾನ್ಯ, ಎಷ್ಟೋ ಮಕ್ಕಳಲ್ಲಿ ತಾನಾಗಿ ಹೋಗುತ್ತದಂತೆ. ಗಂಟಲಿನಿಂದ ಶಬ್ದವೂ ಶುರುವಾಗಿ ವರ್ಷ ದಾಟಿದರೆ ಟುರೆಟ್ (ಇಂಥ ಟಿಕ್ಸ್ ದೀರ್ಘಕಾಲ ಇರುವ ನರ ಸಂಬಂಧಿ ಸಮಸ್ಯೆ) ಇದೆಯಾ ಎಂದು ನೋಡಬೇಕಂತೆ. ಗದರಿದರೆ ಇನ್ನೂ ಹೆಚ್ಚಾಗುತ್ತದೆ. ಅದು ನನಗೆ ತಡವಾಗಿ ಗೊತ್ತಾಯಿತು.

ಮಣಿಪಾಲದಲ್ಲೋ ಮಂಗಳೂರಿನಲ್ಲೋ ಮಕ್ಕಳ ನರರೋಗ ತಜ್ಞರಿಗೆ ಈಗಲೇ ತೋರಿಸಬೇಕಾ, ಸ್ವಲ್ಪ ಕಾಯಬಹುದಾ? ನಿಮ್ಮ ಮಕ್ಕಳಿಗೂ ಹೀಗಾಗಿದ್ದರೆ ಶಾಲೆಯಲ್ಲಿ ಟೀಚರಿಗೆ ಏನು ಹೇಳಿದಿರಿ?