ಪದಚರ್ಚೆ: ‘ಕೋವಿ ಹಕ್ಕು’, ‘ನೇಮಕ’ ಮತ್ತು ಅಮೆರಿಕದ ಎರಡನೇ ತಿದ್ದುಪಡಿ

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿ, ಪೌರತ್ವ ಪಡೆದು, ಈಗ ಓಟು ಹಾಕುತ್ತಿರುವ ನಮ್ಮ ಹಿರಿಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಪುಟ ಬಂದೂಕಿನ ಬಗ್ಗೆ. ಅಧ್ಯಕ್ಷರು ಆರಿಸಿದ ಜಡ್ಜುಗಳಿಂದ ಬಂದೂಕಿನ ಕಾನೂನು ಹೇಗೆ ಬದಲಾಗುತ್ತದೆ ಎಂಬುದನ್ನು ಸುಲಭದ ಕನ್ನಡದಲ್ಲಿ ಹೇಳಬೇಕು. ವಿಷಯವೇನೂ ಕಗ್ಗಂಟಲ್ಲ. ಆದರೆ ನಾನು ಬಳಸುವ ಒಂದೊಂದು ಕನ್ನಡ ಪದವೂ ಯಾರೋ ಒಬ್ಬ ಜಡ್ಜ್ ಪಕ್ಕ ಹೋಗಿ ಕೂರುತ್ತಿದೆ. ಅದಕ್ಕೇ ಈ ಪತ್ರ.

ಮೊದಲು ತಲೆಬರಹ. ‘ಬಂದೂಕು ಹಕ್ಕು’ ಎನ್ನಲೋ, ‘ಕೋವಿ ಹಕ್ಕು’ ಎನ್ನಲೋ? ಕೋವಿ ನನಗಿಷ್ಟ. ಮಲೆನಾಡಿನವರ ಬಾಯಲ್ಲಿ ಇವತ್ತಿಗೂ ಇರುವ ಪದ. ಆದರೆ ‘ಕೋವಿ ಹಕ್ಕು’ ಅಂದ ಕೂಡಲೇ ಕನ್ನಡ ಪತ್ರಿಕೆ ಓದುವವರಿಗೆ ಕೊಡಗು ನೆನಪಾಗುತ್ತದೆ. ಅಲ್ಲಿಯ ಕಥೆಯೇ ಬೇರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೂ ಇರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸಿನಿಂದ ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಏನೇ ಆದರೂ ಅದು ಸರ್ಕಾರದ ಅಧಿಸೂಚನೆಯಿಂದ ಬಂದದ್ದು. ಅಮೆರಿಕದ್ದು ಸಂವಿಧಾನದಲ್ಲೇ ಬರೆದ ಹಕ್ಕು. ಅಧ್ಯಕ್ಷರಾಗಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಆಗಲಿ ಅದನ್ನು ಒಂದು ಸಾಮಾನ್ಯ ಕಾನೂನಿನಿಂದ ಅಳಿಸಿಹಾಕಲು ಬರುವುದಿಲ್ಲ. ಅದು ಎಲ್ಲಿಂದ ಎಲ್ಲಿವರೆಗೆ ಎಂದು ಗೆರೆ ಎಳೆಯುವವರು ಜಡ್ಜುಗಳು. ಜಡ್ಜ್ ಯಾರಾಗಬೇಕು ಎಂಬ ಜಗಳ ಅಷ್ಟು ಜೋರಾಗುವುದು ಇದಕ್ಕೇ. ಹಾಗಾಗಿ ‘ಕೋವಿ ಹಕ್ಕು’ ಬಿಟ್ಟು ‘ಬಂದೂಕು ಹಕ್ಕು’ ಎಂದೇ ಇಟ್ಟಿದ್ದೇನೆ. ಕೊಡಗಿನವರು ಇದ್ದರೆ ಹೇಳಿ, ಕೋವಿಯನ್ನು ಹೀಗೆ ಕೈಬಿಡುವುದು ಸರಿಯೇ?

ಇನ್ನು ಆ ವಾಕ್ಯ. 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 27 ಪದ. ನನ್ನ ಕನ್ನಡ ಹೀಗಿದೆ:

“ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ಜನಪಡೆ ಅಗತ್ಯವಾಗಿರುವುದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಒಯ್ಯುವ ಜನರ ಹಕ್ಕಿಗೆ ಚ್ಯುತಿ ತರಬಾರದು.”

ಓದಲು ಚೆನ್ನಾಗಿದೆ ಅಲ್ವಾ? ತೊಂದರೆ ಇರುವುದು ‘ಇರುವುದರಿಂದ’ ಎಂಬಲ್ಲಿ. ಜನಪಡೆ (ಇಂಗ್ಲಿಷಿನ ಮಿಲಿಶಿಯಾ, ಸಾಮಾನ್ಯ ಜನರೇ ಸೇರಿದ ಪಡೆ) ಬೇಕು, ಅದರಿಂದ ಹಕ್ಕು. ಜನಪಡೆಯ ಕೆಲಸಕ್ಕಷ್ಟೇ ಹಕ್ಕು ಎನ್ನುವವರ ಕಡೆಗೆ ಈ ‘ಇಂದ’ ವಾಲುತ್ತದೆ. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಒಬ್ಬೊಬ್ಬರ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ 2008ರ ಹೆಲ್ಲರ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ತಮ್ಮ ಭಿನ್ನ ತೀರ್ಪಿನಲ್ಲಿ ಹೇಳಿದ್ದು ಬಹುಮಟ್ಟಿಗೆ ಅದನ್ನೇ. ಬಹುಮತದ ತೀರ್ಪು ಬರೆದ ಆಂಟನಿನ್ ಸ್ಕಲಿಯಾ ಅವರದು ಬೇರೆ ಓದು. ಮೊದಲ ತುಂಡು ಉದ್ದೇಶ ಹೇಳುವ ಪೀಠಿಕೆ. ಎರಡನೇ ತುಂಡಿನ ಹಕ್ಕನ್ನು ಅದು ಕಟ್ಟಿಹಾಕುವುದಿಲ್ಲ. ಇಂಗ್ಲಿಷ್ ವಾಕ್ಯದ ಕಟ್ಟು ಸಡಿಲ, ಎರಡೂ ಓದಿಗೆ ಜಾಗ ಬಿಡುತ್ತದೆ. ಕನ್ನಡದಲ್ಲಿ ಹಾಗೆ ಸಡಿಲ ಬಿಡಬೇಕಾದರೆ ‘ಅಗತ್ಯವಾಗಿದ್ದು,’ ಎಂದು ಬರೆಯಬಹುದು. ಪತ್ರಿಕೆಯವರು ಎರಡು ಸುದ್ದಿ ಒಂದೇ ವಾಕ್ಯದಲ್ಲಿ ತುರುಕುವಾಗ ಬಳಸುತ್ತಾರಲ್ಲ, ಆ ‘ಇದ್ದು’. ಕಿವಿಗೆ ಹಿತವಲ್ಲ. ಆದರೆ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ನಿಮಗೆ ಇದಕ್ಕಿಂತ ಒಳ್ಳೆಯ ದಾರಿ ಹೊಳೆಯುತ್ತದೆಯೇ?

‘ಒಯ್ಯುವ’ ಕೂಡ ಹಾಗೇ. ಮೊದಲು ‘ಆಯುಧ ಹಿಡಿಯುವ’ ಎಂದು ಬರೆಯಬೇಕೆಂದಿದ್ದೆ. ಕನ್ನಡದಲ್ಲಿ ‘ಶಸ್ತ್ರ ಹಿಡಿದರು’ ಅಂದರೆ ಯುದ್ಧಕ್ಕೆ ಇಳಿದರು ಎಂದೇ ಅರ್ಥ, ಚೀಲದಲ್ಲಿ ಹಾಕಿಕೊಂಡು ಹೋದರು ಎಂದಲ್ಲ. ಸ್ಟೀವನ್ಸ್ ವಾದವೂ ಇದೇ ಬಗೆಯದು: ಅದು ಸೈನ್ಯದ ಮಾತು, ಸೇನೆಯ ಸೇವೆಗೆ ಹೇಳುವ ನುಡಿಗಟ್ಟು. ಸ್ಕಲಿಯಾ ಒಪ್ಪಲಿಲ್ಲ. ಎದುರಾಳಿ ಬಂದರೆ ಇರಲಿ ಎಂದು ಮೈಮೇಲೆ ಅಥವಾ ಜೊತೆಯಲ್ಲಿ ಇಟ್ಟುಕೊಳ್ಳುವುದು ಎಂದರು. ಆಗ ‘ಒಯ್ಯುವ’ ಸರಿ. ಅಂದರೆ ‘ಹಿಡಿಯುವ’ ಬರೆದರೆ ನಾಲ್ವರ ಜೊತೆ, ‘ಒಯ್ಯುವ’ ಬರೆದರೆ ಐವರ ಜೊತೆ. ತೀರ್ಪು ಬಂದದ್ದೂ 5-4ರಲ್ಲೇ! ಕಾನೂನು ಈಗ ಐವರ ಓದಿನ ಮೇಲೆ ನಿಂತಿರುವುದರಿಂದ ‘ಒಯ್ಯುವ’ ಉಳಿಸಿಕೊಂಡಿದ್ದೇನೆ.

‘ಶಸ್ತ್ರಾಸ್ತ್ರ’ ಬಿಟ್ಟು ‘ಆಯುಧ’ ಯಾಕೆ ಎಂದು ಕೇಳಬಹುದು. ಶಸ್ತ್ರಾಸ್ತ್ರ ಅಂದರೆ ನನ್ನ ಕಣ್ಣ ಮುಂದೆ ಕ್ಷಿಪಣಿ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು ಬಂದೂಕನ್ನಷ್ಟೇ ಲೆಕ್ಕಕ್ಕೆ ಹಿಡಿದಿಲ್ಲ. 2016ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕೇಸಿನಲ್ಲಿ, ಕರೆಂಟ್ ಶಾಕ್ ಕೊಡುವ ಸ್ಟನ್ ಗನ್‌ಗೆ ಈ ರಕ್ಷಣೆ ಇಲ್ಲ ಎಂದಿದ್ದ ಅಲ್ಲಿನ ತೀರ್ಪನ್ನು ತಳ್ಳಿಹಾಕಿತು. ಆಯುಧ ಪೂಜೆಯಲ್ಲಿ ಸ್ಕ್ರೂಡ್ರೈವರಿಗೂ ಸ್ಕೂಟರಿಗೂ ಕುಂಕುಮ ಇಡುವ ನಮಗೆ ಆಯುಧ ತುಸು ಅಗಲವಾದ ಪದವೇ. ಇರಲಿ ಬಿಡಿ.

ನನಗೆ ಜಾಸ್ತಿ ತಲೆನೋವು ಕೊಟ್ಟಿರುವುದು ‘ನೇಮಕ’. ‘ರಾಷ್ಟ್ರಪತಿ ನ್ಯಾಯಮೂರ್ತಿಗಳನ್ನು ನೇಮಿಸಿದರು’ ಎಂದು ಭಾರತದ ಸುದ್ದಿಯಲ್ಲಿ ಓದಿದರೆ, ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹೆಸರು ಕಳಿಸಿದೆ, ರಾಷ್ಟ್ರಪತಿಯವರ ಸಹಿ ಬಿದ್ದಿದೆ ಎಂದು ತಿಳಿಯುತ್ತೇವೆ. ರಾಷ್ಟ್ರಪತಿಯವರ ಒಲವು ಏನು ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹೆಸರು ಹುಡುಕುವುದೇ ಅಧ್ಯಕ್ಷರು. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಒಪ್ಪಿದ ಮೇಲೆ ನಮ್ಮ ಹಾಗೆ 65ಕ್ಕೆ ನಿವೃತ್ತಿ ಇಲ್ಲ, ಬದುಕಿರುವಷ್ಟು ಕಾಲ ಕೂರಬಹುದು. ಒಂದೇ ‘ನೇಮಿಸಿದರು’ ಈ ಎರಡಕ್ಕೂ ಹೇಗೆ ಸಾಕಾಗುತ್ತದೆ? ಹಿರಿಯರು ತಮಗೆ ಗೊತ್ತಿರುವ ಅರ್ಥವನ್ನೇ ಇದಕ್ಕೂ ಹಚ್ಚಿಕೊಳ್ಳುತ್ತಾರೆ.

2016ನ್ನೇ ನೋಡಿ. ಫೆಬ್ರವರಿಯಲ್ಲಿ ಸ್ಕಲಿಯಾ ತೀರಿಕೊಂಡರು. ಮಾರ್ಚಿನಲ್ಲಿ ಒಬಾಮ ಅವರು ಮೆರಿಕ್ ಗಾರ್ಲೆಂಡ್ ಹೆಸರು ಕಳಿಸಿದರು. ರಿಪಬ್ಲಿಕನ್ನರ ಬಹುಮತವಿದ್ದ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಆ ಹೆಸರು 293 ದಿನ ಹಾಗೇ ಬಿದ್ದಿದ್ದು ರದ್ದಾಯಿತು. ಆಗ ‘ಒಬಾಮ ಗಾರ್ಲೆಂಡ್ ಅವರನ್ನು ನೇಮಿಸಿದರು’ ಎಂದು ಬರೆದರೆ ಅದು ಸುಳ್ಳು. ‘ನಾಮನಿರ್ದೇಶನ’ ಸರಿ, ಆದರೆ ನಮ್ಮಲ್ಲಿ ಅದನ್ನು ವಿಧಾನ ಪರಿಷತ್ತಿಗೆ ಹಾಕಿಬಿಟ್ಟಿದ್ದೇವೆ. ಅಲ್ಲಿ ನಾಮನಿರ್ದೇಶನ ಆದರೆ ಸದಸ್ಯರಾದಂತೆಯೇ. ನಾನು ‘ಹೆಸರು ಸೂಚಿಸಿದರು’, ‘ಸೆನೆಟ್ ಒಪ್ಪಿತು’, ‘ಜಡ್ಜ್ ಆದರು’ ಎಂದು ಮೂರು ಮೆಟ್ಟಿಲು ಮಾಡಿದ್ದೇನೆ. ಉದ್ದವಾಗುತ್ತದೆ, ನಿಜ.

ಆ ಖಾಲಿ ಕುರ್ಚಿಗೆ ಟ್ರಂಪ್ ಸೂಚಿಸಿದ ನೀಲ್ ಗೋರ್ಸಚ್ 2017ರಲ್ಲಿ ಬಂದರು. 2018ರಲ್ಲಿ ಬ್ರೆಟ್ ಕ್ಯಾವನಾ, 2020ರಲ್ಲಿ ತೀರಿಕೊಂಡ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರ ಜಾಗಕ್ಕೆ ಏಮಿ ಕೋನಿ ಬ್ಯಾರೆಟ್. ಇವರ ಒಲವು ಗುಟ್ಟೇನಲ್ಲ. ಕ್ಯಾವನಾ ಕೆಳ ಕೋರ್ಟಿನಲ್ಲಿದ್ದಾಗಲೇ, 2011ರಲ್ಲಿ, ವಾಷಿಂಗ್ಟನ್ ನಗರದ ಸೆಮಿ ಆಟೊಮ್ಯಾಟಿಕ್ ರೈಫಲ್ ನಿಷೇಧ ತಪ್ಪು ಎಂದು ಭಿನ್ನ ತೀರ್ಪು ಬರೆದಿದ್ದರು. ಹಿಂಸೆಯಿಲ್ಲದ ಅಪರಾಧ ಮಾಡಿದವರ ಬಂದೂಕು ಹಕ್ಕನ್ನು ಸಾರಾಸಗಟಾಗಿ ಕಿತ್ತುಕೊಳ್ಳಬಾರದು ಎಂದು ಬ್ಯಾರೆಟ್ 2019ರಲ್ಲಿ ಬರೆದಿದ್ದರು. ಕೇಸು ಕೈಗೆತ್ತಿಕೊಳ್ಳಲು ಒಂಬತ್ತರಲ್ಲಿ ನಾಲ್ವರು ಒಪ್ಪಬೇಕು, ಗೆಲ್ಲಲು ಐವರು. ರಾಜ್ಯ, ನಗರಗಳೂ ಈ ಹಕ್ಕನ್ನು ಪಾಲಿಸಬೇಕು ಎಂದ 2010ರ ಶಿಕಾಗೊ ತೀರ್ಪಿನ ನಂತರ ಹನ್ನೆರಡು ವರ್ಷ ಈ ಹಕ್ಕಿನ ಬಗ್ಗೆ ದೊಡ್ಡ ತೀರ್ಪು ಬರಲಿಲ್ಲ. ಈ ಮೂವರೂ ಕೂತ ಮೇಲೆ, 2022ರಲ್ಲಿ, ಮನೆಯ ಹೊರಗೂ ಬಂದೂಕು ಒಯ್ಯುವ ಹಕ್ಕಿದೆ ಎನ್ನುವ ಬ್ರುವೆನ್ ತೀರ್ಪು 6-3ರಲ್ಲಿ ಬಂತು. 27 ಪದಗಳಲ್ಲಿ ಒಂದೂ ಬದಲಾಗಿರಲಿಲ್ಲ. ಓದುವವರು ಬದಲಾಗಿದ್ದರು.

ಹಾಗಂತ ‘ಟ್ರಂಪ್ ಜಡ್ಜ್’, ‘ಒಬಾಮ ಜಡ್ಜ್’ ಎಂದು ಷಷ್ಠಿ ಹಚ್ಚಿ ಬರೆಯಲು ಮನಸ್ಸು ಬರುವುದಿಲ್ಲ. ಹೆಲ್ಲರ್‌ನಲ್ಲಿ ಭಿನ್ನ ತೀರ್ಪು ಬರೆದ ಸ್ಟೀವನ್ಸ್ ಅವರನ್ನು ತಂದವರು ರಿಪಬ್ಲಿಕನ್ ಅಧ್ಯಕ್ಷ ಫೋರ್ಡ್. ಅವರ ಜೊತೆ ನಿಂತ ಡೇವಿಡ್ ಸೂಟರ್ ಹಿರಿಯ ಬುಷ್ ಆಯ್ಕೆ. ಇನ್ನೂ ಮಜಾ ಕೇಳಿ. ಬಂದೂಕಿಗೆ ಸಿಕ್ಕಿಸಿ ಗುಂಡು ಎಡೆಬಿಡದೆ ಹಾರಿಸುವ ಬಂಪ್ ಸ್ಟಾಕನ್ನು 2018ರಲ್ಲಿ ನಿಷೇಧಿಸಿದ್ದು ಟ್ರಂಪ್ ಸರ್ಕಾರ. 2024ರಲ್ಲಿ ಆ ನಿಷೇಧವನ್ನು ಬಿಸಾಕಿದ ಆರು ಮಂದಿಯಲ್ಲಿ ಮೂವರು ಟ್ರಂಪ್ ಆರಿಸಿದವರೇ. ಅದು ಎರಡನೇ ತಿದ್ದುಪಡಿಯ ಕೇಸೂ ಅಲ್ಲ. ‘ಮೆಷಿನ್ ಗನ್’ ಎಂಬ ಪದದ ಅರ್ಥ ಎಲ್ಲಿವರೆಗೆ ಎಂಬ ಜಗಳ, ನಮ್ಮ ಪದಚರ್ಚೆಯೇ! ಅದೇ ತಿಂಗಳು ರಹಿಮಿ ಕೇಸು ಬಂತು. ಸಂಗಾತಿಗೆ ಅಪಾಯ ಎಂದು ಕೋರ್ಟ್ ಆದೇಶ ಇರುವವರ ಹತ್ತಿರ ಬಂದೂಕು ಇರಬಾರದು ಎಂಬ ಕಾನೂನನ್ನು ಕೆಳಗಿನ ಕೋರ್ಟಿನ ಮೂವರು ಹೊಡೆದುಹಾಕಿದ್ದರು, ಅವರಲ್ಲಿ ಇಬ್ಬರು ಟ್ರಂಪ್ ಆಯ್ಕೆ. ಸುಪ್ರೀಂ ಕೋರ್ಟ್ 8-1ರಲ್ಲಿ ಅದನ್ನು ತಿರುಗಿಸಿತು. ಒಬ್ಬರೇ ಉಳಿದದ್ದು ಬ್ರುವೆನ್ ತೀರ್ಪು ಬರೆದಿದ್ದ ಕ್ಲಾರೆನ್ಸ್ ಥಾಮಸ್. ಹಾಗಾಗಿ ‘ಟ್ರಂಪ್ ಆರಿಸಿದ’ ಎಂದು ಉದ್ದಕ್ಕೇ ಬರೆಯುತ್ತೇನೆ. ಆರಿಸಿದವರು ಯಾರು ಎಂದು ಹೇಳುತ್ತದೆ, ಆಳು ಎನ್ನುವುದಿಲ್ಲ.

ಇನ್ನೆರಡು ಪದಗಳಿಗೆ ನಿಮ್ಮ ಸಹಾಯ ಬೇಕೇ ಬೇಕು.

ಒಂದು, ಲೈಸೆನ್ಸ್. ಬ್ರುವೆನ್‌ಗೂ ಮೊದಲು ಅಮೆರಿಕದಲ್ಲಿ ಹೊರಗೆ ಬಂದೂಕು ಒಯ್ಯುವ ಲೈಸೆನ್ಸಿಗೆ ಎರಡು ಬಗೆ ಇತ್ತು. 43 ರಾಜ್ಯಗಳಲ್ಲಿ ಶರತ್ತು ಪೂರೈಸಿದರೆ ಅಧಿಕಾರಿ ಲೈಸೆನ್ಸ್ ಕೊಡಲೇಬೇಕು. ನ್ಯೂಯಾರ್ಕ್ ಸೇರಿ ಆರು ರಾಜ್ಯ ಮತ್ತು ರಾಜಧಾನಿಯಲ್ಲಿ ಸರಿಯಾದ ಕಾರಣ ತೋರಿಸಿದರೆ ಕೊಡಬಹುದು. ಆ ಎರಡನೇ ಬಗೆಯನ್ನೇ ತೀರ್ಪು ತೆಗೆದುಹಾಕಿತು. ಕಾನೂನು ಕನ್ನಡದಲ್ಲಿ ‘ಕೊಡತಕ್ಕದ್ದು’, ‘ಕೊಡಬಹುದು’ ಎಂಬ ಜೋಡಿ ರೆಡಿ ಇದೆ. ಆದರೆ ‘ತಕ್ಕದ್ದು’ ಹಿರಿಯರಿಗೆ ತಾಲ್ಲೂಕು ಕಚೇರಿಯ ನೋಟಿಸ್ ಥರ ಕೇಳಿಸುತ್ತದೆ. ‘ಕೊಡಲೇಬೇಕಾದ ಲೈಸೆನ್ಸ್’, ‘ಮನಸ್ಸಿದ್ದರೆ ಕೊಡುವ ಲೈಸೆನ್ಸ್’ ಎಂದು ಹಾಕಿದ್ದೇನೆ. ‘ಮನಸ್ಸಿದ್ದರೆ’ ತುಸು ಕೊಂಕು ಅನ್ನಿಸುತ್ತದೆಯೇ?

ಇನ್ನೊಂದು, ‘ಸಂಪ್ರದಾಯ’. ಬಂದೂಕಿನ ಕಾನೂನು ಉಳಿಯಬೇಕಾದರೆ ಅದು ದೇಶದ ಚರಿತ್ರೆಗೂ ಸಂಪ್ರದಾಯಕ್ಕೂ ಹೊಂದಬೇಕು ಎಂದು ಬ್ರುವೆನ್ ಹೇಳುತ್ತದೆ. ಈಗಾಗಲೇ ‘ಸಂಪ್ರದಾಯವಾದಿ ಜಡ್ಜ್’ ಎಂದು ಪತ್ರಿಕೆಗಳು ಬರೆಯುತ್ತವೆ. ಅದನ್ನು ಓದಿದವರೊಬ್ಬರು ‘ಮಡಿ ಮಾಡ್ತಾರಾ’ ಎಂದು ಕೇಳಿದ್ದೂ ಉಂಟು. ಒಂದೇ ಪುಟದಲ್ಲಿ ಎರಡು ಸಂಪ್ರದಾಯ ಬಂದರೆ ಗೊಂದಲ. ಜಡ್ಜುಗಳಿಗೆ ‘ಬಲಪಂಥೀಯ’ ಎಂದರೆ ಪಕ್ಷದ ವಾಸನೆ ಬಂತು. ಅತ್ತ ಕಾನೂನಿನ ಸಂಪ್ರದಾಯಕ್ಕೆ ‘ರೂಢಿ’ ಎನ್ನೋಣವೆಂದರೆ, ರೂಢಿ ಜನ ನಡೆಸಿಕೊಂಡು ಬಂದದ್ದು. ಇಲ್ಲಿ ಬೇಕಿರುವುದು ಹಿಂದಿನ ಶಾಸನಸಭೆಗಳು ಬಂದೂಕಿಗೆ ಎಂಥ ಕಾನೂನು ಮಾಡುತ್ತಾ ಬಂದಿವೆ ಎಂಬುದು. ‘ಹಿಂದಿನಿಂದ ಬಂದ ಕಾನೂನಿನ ಪದ್ಧತಿ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಇದಕ್ಕಿಂತ ಗಿಡ್ಡ ಪದ ಸಿಕ್ಕರೆ ದಯವಿಟ್ಟು ಕಳಿಸಿ. ಮುಂದಿನ ವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.