ಸಹಾಯ ಬೇಕು: ಕನ್ನಡ ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವ ಎಲೆಕ್ಟ್ರಾನಿಕ್ ಆಟಿಕೆ

ಎಲ್ಲರಿಗೂ ನಮಸ್ಕಾರ. ನಾವು ಆಗುಂಬೆಯ ಸಮೀಪದವರು. ನಾಲ್ಕು ವರ್ಷದ ಮೊಮ್ಮಗಳಿಗಾಗಿ, ಗುಂಡಿ ಒತ್ತಿದರೆ ವರ್ಣಮಾಲೆಯ 49 ಅಕ್ಷರಗಳನ್ನೂ ಸ್ಪಷ್ಟವಾಗಿ ಹೇಳುವ, ಪರದೆಯಿಲ್ಲದ ಕಲಿಕಾ ಆಟಿಕೆಯೊಂದನ್ನು ಹುಡುಕುತ್ತಿದ್ದೇವೆ.

ಕಳೆದ ವರ್ಷ ಶಿವಮೊಗ್ಗದಲ್ಲಿ ಕೊಂಡ ಆಟಿಕೆಯು ‘ಳ’ವನ್ನು ‘ಲ’ ಎಂದೂ ‘ಣ’ವನ್ನು ‘ನ’ ಎಂದೂ ಉಚ್ಚರಿಸುತ್ತಿತ್ತು. ವರ್ಷದ ಅರ್ಧ ಭಾಗ ಮಳೆಯಲ್ಲೇ ಕಳೆಯುವ ಮನೆಯ ಮಗು, ಅದನ್ನೇ ಅನುಕರಿಸಿ ಮಳೆಯನ್ನು ‘ಮಲೆ’ ಎನ್ನತೊಡಗಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಮಳೆಗಾಲದ ಥಂಡಿಗೆ ಸೆಲ್ ತಾಗುವ ತಗಡು ತುಕ್ಕು ಹಿಡಿದು, ಶ್ರಾವಣಕ್ಕೆ ಮೊದಲೇ ಆಟಿಕೆಯೂ ಕೆಟ್ಟಿತು.

ಮಕ್ಕಳು ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳ ಸುಟ್ಟು ಗಾಯವಾಗಬಹುದಾದ್ದರಿಂದ, ಸೆಲ್ ಇರುವ ಜಾಗದ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮನೆಯಲ್ಲಿ ಇನ್ನೂ ಚಿಕ್ಕ ಮಗುವೊಂದಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾಗಿರುವ ಐಎಸ್‌ಐ ಗುರುತೂ ಇರಬೇಕೆಂಬುದು ನಮ್ಮ ಅಪೇಕ್ಷೆ.

ಇಂಥ ಆಟಿಕೆಯನ್ನು ಮಲೆನಾಡಿನಲ್ಲೇ ಕನಿಷ್ಠ ಒಂದು ಮಳೆಗಾಲ ಬಳಸಿ ನೋಡಿದವರು ಯಾರಾದರೂ ಇದ್ದರೆ, ಅದರ ಹೆಸರು, ಬೆಲೆ ಮತ್ತು ಉಚ್ಚಾರಣೆಯ ಗುಣವನ್ನು ದಯವಿಟ್ಟು ತಿಳಿಸಿ. ಸಾಧ್ಯವಾದರೆ ‘ಳ’, ‘ಣ’, ‘ಷ’ ಗುಂಡಿಗಳನ್ನು ಒತ್ತಿ ಅದರ ಧ್ವನಿಯನ್ನು ರೆಕಾರ್ಡ್ ಮಾಡಿ ಇಲ್ಲಿ ಹಾಕಿದರೆ ಬಹಳ ಉಪಕಾರವಾಗುತ್ತದೆ.