1500 ಚದರಡಿ ಲಾನ್‌ಗೆ ಬ್ಯಾಟರಿ ಮೋವರ್: 18 ವೋಲ್ಟ್ ಸಾಕಾ, 36 ಬೇಕಾ?

ಅಂಗಳ_ಮೈಸೂರು:
ಎಲ್ಲರಿಗೂ ನಮಸ್ಕಾರ. ಮನೆಯ ಮುಂದೆ, ಪಕ್ಕ ಎಲ್ಲ ಸೇರಿ ಸುಮಾರು 1500 ಚದರಡಿ ಲಾನ್ ಇದೆ. ಹುಲ್ಲು ಸೆಲೆಕ್ಷನ್ 1 (ಸಣ್ಣ ಎಲೆಯ ಗರಿಕೆ). ಮಧ್ಯೆ ಎರಡು ತೆಂಗಿನ ಮರ, ಒಂದು ಕಡೆ ಸ್ವಲ್ಪ ಇಳಿಜಾರು. ಹುಲ್ಲು ಕತ್ತರಿಸುವ ಮೋವರ್ ಕೊಳ್ಳಬೇಕು, ಪೆಟ್ರೋಲ್ ಮಷಿನ್ ಬೇಡ ಅಂತ ತೀರ್ಮಾನಿಸಿದ್ದೇವೆ. ಸದ್ಯ ಮೂರು ಆಯ್ಕೆ ಮುಂದಿವೆ:

ಒಂದು, 18 ವೋಲ್ಟ್, 33 ಸೆಂ.ಮೀ. ಬ್ಲೇಡ್, 4 ಆಂಪಿಯರ್-ಅವರ್ ಬ್ಯಾಟರಿ ಒಂದು. ಎರಡು, 36 ವೋಲ್ಟ್ (18ರ ಎರಡು ಬ್ಯಾಟರಿ ಒಟ್ಟಿಗೆ ಹಾಕುವಂಥದ್ದು), 38 ಸೆಂ.ಮೀ. ಮೂರು, ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವ, '98 ವಿಎಫ್' ಅಂತ ಬರೆದ, ಹೆಸರು ಕೇಳಿಲ್ಲದ ಕಂಪನಿಯದು.

ಒಂದೇ ಚಾರ್ಜ್‌ನಲ್ಲಿ ಪೂರ್ತಿ ಮುಗಿಯಬೇಕು. ಸೆಲ್ಫ್ ಪ್ರೊಪೆಲ್ಡ್ (ಚಕ್ರ ತಾನೇ ತಿರುಗಿ ಮುಂದೆ ಹೋಗುವಂಥದ್ದು) ಬೇಕಾಗುತ್ತದಾ? ತಿಳಿದವರು ಹೇಳಿ.

ವೋಲ್ಟ್‌ಮೀಟರ್:
ವೋಲ್ಟ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ ಸರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. ಬರುವುದು ವ್ಯಾಟ್-ಅವರ್, ಮಷಿನ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಅದರಲ್ಲಿದೆ. ನಿಮ್ಮ ಮೊದಲನೆಯದು 18 × 4 = 72. ಎರಡನೆಯದರಲ್ಲಿ ಎರಡೂ ಬ್ಯಾಟರಿ 4 ಆಂಪಿಯರ್-ಅವರ್‌ನವಾದರೆ 144.

ಈಗ ನಿಮ್ಮ ಜಾಗಕ್ಕೆ ಬನ್ನಿ. 1500 ಚದರಡಿ ಅಂದರೆ ಸುಮಾರು 140 ಚದರ ಮೀಟರ್. 33 ಸೆಂ.ಮೀ. ಬ್ಲೇಡ್‌ನಲ್ಲಿ ಸಾಲಿನ ಮೇಲೆ ಸಾಲು ಸ್ವಲ್ಪ ಹಾಯಬೇಕಾದ್ದರಿಂದ 30 ಸೆಂ.ಮೀ. ಲೆಕ್ಕಕ್ಕೆ ಹಿಡಿಯಿರಿ. ಒಟ್ಟು ನಡಿಗೆ ಸುಮಾರು 465 ಮೀಟರ್. ಗಂಟೆಗೆ 3 ಕಿ.ಮೀ. ವೇಗದಲ್ಲಿ ತಳ್ಳಿದರೆ ಒಂಬತ್ತೂವರೆ ನಿಮಿಷ. ತಿರುವು, ಮರದ ಸುತ್ತ ಹಿಂದೆ-ಮುಂದೆ, ಕತ್ತರಿಸಿದ ಹುಲ್ಲು ತುಂಬುವ ಬಾಕ್ಸ್ ಖಾಲಿ ಮಾಡುವುದು ಸೇರಿ ಅದು ಹತ್ತಿರಹತ್ತಿರ ದುಪ್ಪಟ್ಟು ಆಗುತ್ತದೆ, ಅಂದರೆ 18–20 ನಿಮಿಷ.

ಈ ಅಳತೆಯ ಮಷಿನ್ ಒಣ, ಗಿಡ್ಡ ಹುಲ್ಲಿನಲ್ಲಿ ಸರಾಸರಿ 400 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 20 ನಿಮಿಷಕ್ಕೆ 133 ವ್ಯಾಟ್-ಅವರ್. 72ರದ್ದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 144ರದ್ದು ಹೊಸತರಲ್ಲಿ ಬೇಸಿಗೆಯಲ್ಲಿ ಮುಗಿಸುತ್ತದೆ. ಆದರೆ ಜುಲೈ-ಆಗಸ್ಟ್‌ನಲ್ಲಿ ಹುಲ್ಲು ದಟ್ಟವಾಗಿ, ರಸ ತುಂಬಿಕೊಂಡು ಬೆಳೆದಾಗ ಅದೇ ಕೆಲಸಕ್ಕೆ ಒಂದೂವರೆ ಪಟ್ಟು ಬೇಕಾದೀತು. ಜೊತೆಗೆ ಕೆಲವು ವರ್ಷ ಬಳಸಿದ ಮೇಲೆ ಬ್ಯಾಟರಿಯೂ ಸೊರಗುತ್ತದೆ. ಹಾಗಾಗಿ ನನ್ನ ಸಲಹೆ: ಎರಡನೆಯದನ್ನೇ ತೆಗೆದುಕೊಳ್ಳಿ, ಆದರೆ 5 ಆಂಪಿಯರ್-ಅವರ್‌ನ ಎರಡು ಬ್ಯಾಟರಿಯೊಂದಿಗೆ (180). 38 ಸೆಂ.ಮೀ. ಇರುವುದರಿಂದ ಸಾಲುಗಳೂ ಕಡಿಮೆಯಾಗುತ್ತವೆ.

ಎರಡು ಬ್ಯಾಟರಿ ಒಟ್ಟಿಗೆ ಹಾಕುವ ಮಷಿನ್‌ನಲ್ಲಿ ಒಂದು ಎಚ್ಚರ: ಎರಡೂ ಒಂದೇ ಸಾಮರ್ಥ್ಯದವು, ಒಂದೇ ವಯಸ್ಸಿನವು ಇರಲಿ. ಒಂದು ದುರ್ಬಲವಾಗಿದ್ದರೆ ಅದು ಖಾಲಿಯಾದ ತಕ್ಷಣ ಮಷಿನ್ ನಿಲ್ಲುತ್ತದೆ, ಇನ್ನೊಂದರಲ್ಲಿ ಚಾರ್ಜ್ ಉಳಿದಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಚಾರ್ಜರನ್ನೂ ವಿಚಾರಿಸಿ. 2 ಆಂಪಿಯರ್‌ನ ಚಾರ್ಜರ್ ಒಂದೇ ಕೊಟ್ಟರೆ 5 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಒಂದಾದ ಮೇಲೊಂದು ತುಂಬಲು ಐದು ಗಂಟೆಗೂ ಮೇಲೆ ಬೇಕು. ಎರಡು ಗೂಡಿನ ಚಾರ್ಜರ್ ಸಿಕ್ಕರೆ ಅದೇ ಒಳ್ಳೆಯದು.

ಮೂರನೆಯದನ್ನು ಮರೆತುಬಿಡಿ. ಲಿಥಿಯಂ ಸೆಲ್ ಒಂದಕ್ಕೆ 3.6 ವೋಲ್ಟ್. ಐದು ಸೆಲ್ ಸರಣಿಯಲ್ಲಿ ಜೋಡಿಸಿದರೆ 18, ಪೂರ್ತಿ ತುಂಬಿದಾಗ 21. '20 ವೋಲ್ಟ್ ಮ್ಯಾಕ್ಸ್' ಅಂತ ಮಾರುವುದೂ ಇದೇ. 48, 88, 98 'ವಿಎಫ್' ಅಂತ ಚೀಟಿ ಅಂಟಿಸಿದ ಪ್ಯಾಕ್‌ಗಳೊಳಗೂ ಸಾಮಾನ್ಯವಾಗಿ ಇದೇ ಐದು ಸೆಲ್‌ಗಳ ಸರಣಿ ಇರುತ್ತದೆ. ಇನ್ನೊಂದು ಪರೀಕ್ಷೆ ತೂಕ. ಮಾಮೂಲಿ ಸಣ್ಣ ಸೆಲ್ ಒಂದು ಸುಮಾರು 45 ಗ್ರಾಂ. 18 ವೋಲ್ಟ್, 5 ಆಂಪಿಯರ್-ಅವರ್‌ಗೆ ಅಂಥ ಹತ್ತು ಸೆಲ್ ಬೇಕು. ಸೆಲ್‌ಗಳದ್ದೇ 450 ಗ್ರಾಂ ಆದಾಗ, ಕವಚ ಸೇರಿ 350 ಗ್ರಾಂ ತೂಗುವ ಪ್ಯಾಕ್ ಮೇಲೆ '6 ಆಂಪಿಯರ್-ಅವರ್' ಅಂತ ಬರೆದಿದ್ದರೆ ಅದು ಸುಳ್ಳು.

ತೆಂಗಿನಗರಿ:
ಬ್ಯಾಟರಿ ಕುಟುಂಬದ ವಿಷಯ ಸೇರಿಸುತ್ತೇನೆ. ಗೋಡೆ ಅಂಚು, ಮರದ ಬುಡ, ಕುಂಡಗಳ ಪಕ್ಕ ಯಾವ ಮೋವರೂ ಕತ್ತರಿಸುವುದಿಲ್ಲ. ಹೇಗಿದ್ದರೂ ದಾರದ ಟ್ರಿಮ್ಮರ್ ಒಂದು ಬೇಕೇ ಬೇಕು, ಅದು ಇದೇ ಬ್ಯಾಟರಿಯಲ್ಲಿ ಓಡುವಂಥದ್ದಾಗಿರಲಿ. ಒಂದೇ ಕಂಪನಿ ಅಂದರೆ ಒಂದೇ ಬ್ಯಾಟರಿ ಅಂದುಕೊಳ್ಳಬೇಡಿ. ಬಾಷ್‌ನ ಹಸಿರು (ಮನೆ ಬಳಕೆ) ಉಪಕರಣದ 18 ವೋಲ್ಟ್ ಬ್ಯಾಟರಿ ನೀಲಿ (ವೃತ್ತಿಪರ) ಉಪಕರಣಕ್ಕೆ ಕೂರುವುದಿಲ್ಲ. ಮಕೀಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಬೇರೆ, 40 ವೋಲ್ಟ್ ಎಕ್ಸ್‌ಜಿಟಿ ಬೇರೆ. ಸ್ಟಿಲ್‌ನಲ್ಲೂ ಎಕೆ, ಎಪಿ ಅಂತ ಎರಡು ಸಾಲುಗಳಿವೆ. ಮನೆಯಲ್ಲಿ ಈಗಾಗಲೇ ಡ್ರಿಲ್ ಇದ್ದರೆ ಅದರ ಬ್ಯಾಟರಿ ಯಾವುದು ಅಂತ ಮೊದಲು ನೋಡಿ. ಮಷಿನ್ ಮಾತ್ರ ಕೊಂಡರೆ ಒಳ್ಳೇ ಉಳಿತಾಯ.

ಸೆಲ್ಫ್ ಪ್ರೊಪೆಲ್ಡ್ ನಿಮಗೆ ಬೇಡ. ಚಕ್ರ ತಿರುಗಿಸುವುದಕ್ಕೂ ಅದೇ ಬ್ಯಾಟರಿಯಿಂದ ಕರೆಂಟ್ ಹೋಗುತ್ತದೆ, ತೂಕವೂ ಹೆಚ್ಚು, ಮರದ ಸುತ್ತ ತಿರುಗಿಸಲು ಕಷ್ಟ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ತಳ್ಳದೆ ಅಡ್ಡಡ್ಡ ಸಾಲು ಹೊಡೆಯಿರಿ. ಕಾಲು ಜಾರಿದರೂ ಮಷಿನ್ ಕಾಲ ಮೇಲೆ ಬರುವ ಸಾಧ್ಯತೆ ಕಡಿಮೆ. ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ.

ಶುರು ಮಾಡುವ ಮೊದಲು ತೆಂಗಿನ ಬುಡದಲ್ಲಿ ಬಿದ್ದ ಹೀಚು, ಗರಿಯ ತುಂಡು, ಕಲ್ಲು ಆರಿಸಿ ತೆಗೆಯಿರಿ. ಹೀಚುಗಾಯಿ ಒಂದು ಬ್ಲೇಡ್‌ಗೆ ಸಿಕ್ಕಿದರೆ ಬ್ಲೇಡ್ ಬಾಗುತ್ತದೆ, ಇಲ್ಲವೇ ಎಗರಿ ಬಂದು ಯಾರಿಗಾದರೂ ಬಡಿಯುತ್ತದೆ. ಸ್ಪ್ರಿಂಕ್ಲರ್ ತಲೆಗಳು ನೆಲಮಟ್ಟಕ್ಕಿಂತ ಮೇಲೆದ್ದಿವೆಯಾ ಅಂತಲೂ ನೋಡಿಕೊಳ್ಳಿ.

ಗರಿಕೆ:
ಮಷಿನ್ ಯಾವುದಾದರೂ ಇರಲಿ, ಲಾನ್ ಕೆಡುವುದು ಹೆಚ್ಚಾಗಿ ಎತ್ತರ ಮತ್ತು ಬ್ಲೇಡ್‌ನಿಂದ. ಅಂಗಡಿಯಲ್ಲಿ ಯಾರೂ ಹೇಳದ ವಿಷಯ ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೆಲೆಕ್ಷನ್ 1ಕ್ಕೆ 25ರಿಂದ 40 ಮಿ.ಮೀ. ಸರಿ. ಕೊಳ್ಳುವಾಗ ಮಷಿನ್‌ನ ಕನಿಷ್ಠ ಎತ್ತರ ಕೇಳಿ. ಕೆಲವು 30ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ: 30ರಲ್ಲಿ ಇಟ್ಟುಕೊಳ್ಳುವುದಾದರೆ ಹುಲ್ಲು 45 ಮುಟ್ಟಿದಾಗಲೇ ಕತ್ತರಿಸಬೇಕು. ಗರಿಕೆಯ ಹಸಿರೆಲ್ಲ ಮೇಲಿರುತ್ತದೆ. ಉದ್ದ ಬೆಳೆಯಲು ಬಿಟ್ಟು ಒಮ್ಮೆಲೇ ಕೆಳಗೆ ಕತ್ತರಿಸಿದರೆ ಬರೀ ಕಂದು ಕಾಂಡ ಉಳಿಯುತ್ತದೆ, ಮತ್ತೆ ಚಿಗುರಲು ವಾರಗಳೇ ಬೇಕು. ಆ ಬೋಳು ಜಾಗಕ್ಕೆ ಬಿಸಿಲು ಬಿದ್ದು ಕಳೆ ಎದ್ದೇಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಬೇಕು, ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು. ಊರಿಗೆ ಹೋಗಿ ಬರುವಷ್ಟರಲ್ಲಿ ಮಂಡಿವರೆಗೆ ಬೆಳೆದಿದ್ದರೆ ಮೋವರ್ ನುಗ್ಗಿಸಬೇಡಿ. ಕುಡುಗೋಲಿನಿಂದಲೋ ಟ್ರಿಮ್ಮರ್‌ನಿಂದಲೋ ತಗ್ಗಿಸಿ, ಆಮೇಲೆ ಮೋವರನ್ನು ಅತಿ ಎತ್ತರಕ್ಕಿಟ್ಟು ಒಂದು ಸಲ, ನಾಲ್ಕೈದು ದಿನ ಬಿಟ್ಟು ಒಂದು ಮೆಟ್ಟಿಲು ಇಳಿಸಿ ಇನ್ನೊಂದು ಸಲ.

ಹಸಿ ಹುಲ್ಲು ಬ್ಯಾಟರಿ ಮೋವರ್‌ಗೆ ದೊಡ್ಡ ತೊಂದರೆ. ಕತ್ತರಿಸಿದ್ದು ಡೆಕ್ (ಬ್ಲೇಡ್ ಮುಚ್ಚುವ ಅಡಿಭಾಗದ ಕವಚ) ಒಳಗೆ ಮೆತ್ತಿಕೊಂಡು ಬಾಕ್ಸ್‌ಗೆ ಹೋಗುವ ದಾರಿ ಕಟ್ಟಿಕೊಳ್ಳುತ್ತದೆ, ಮೋಟಾರ್ ಮೇಲೆ ಹೊರೆ ಬಿದ್ದು ಮಷಿನ್ ತಾನೇ ಆಫ್ ಆಗುತ್ತದೆ. ಮಷಿನ್ ಕೆಟ್ಟಿದೆ ಅಂತ ಸರ್ವೀಸ್‌ಗೆ ಒಯ್ಯುವ ಮೊದಲು ಸೇಫ್ಟಿ ಕೀ, ಬ್ಯಾಟರಿ ತೆಗೆದು ಅಡಿ ನೋಡಿ. ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಕೆರೆದರೆ ಸಾಕು. ಪೈಪ್ ಹಿಡಿದು ನೀರು ಹೊಡೆಯಬೇಡಿ. ಬೆಳಗಿನ ಇಬ್ಬನಿ ಆರಲಿ, ಸಂಜೆ ನಾಲ್ಕರ ನಂತರ ಒಳ್ಳೇ ಹೊತ್ತು.

ಬ್ಲೇಡ್ ಮೊಂಡಾಗಿದೆಯಾ ಅಂತ ತಿಳಿಯಲು ಕತ್ತರಿಸಿದ ಮರುದಿನ ಎಲೆಯ ತುದಿ ನೋಡಿ. ನೇರವಾಗಿ ಕತ್ತರಿಸಿದ್ದರೆ ಹಸಿರು, ಹರಿದಿದ್ದರೆ ಬಿಳಿಚಿಕೊಂಡು ನಾರು ನಾರು. ಮೊಂಡು ಬ್ಲೇಡ್ ಬ್ಯಾಟರಿಯನ್ನೂ ಬೇಗ ಖಾಲಿ ಮಾಡುತ್ತದೆ. ಬ್ಲೇಡ್ ಬಿಚ್ಚಿ, ಕಂಪನಿ ಕೊಟ್ಟ ಇಳಿಜಾರು ಕೋನದಲ್ಲೇ (ಸಾಮಾನ್ಯವಾಗಿ 30 ಡಿಗ್ರಿ ಆಸುಪಾಸು) ಅರದಿಂದ ಉಜ್ಜಿ, ಎರಡು ತುದಿಗೂ ಒಂದೇ ಸಮ. ಗ್ರೈಂಡರ್‌ಗೆ ಕೊಟ್ಟರೆ ಅಂಚು ನೀಲಿಗಟ್ಟುವಷ್ಟು ಕಾಯಿಸಿಬಿಡುತ್ತಾರೆ, ಉಕ್ಕಿನ ಹದ ಹೋಗುತ್ತದೆ. ಉಜ್ಜಿದ ಮೇಲೆ ನಡುತೂತಿಗೆ ಮೊಳೆ ಹಾಕಿ ತೂಗುಬಿಡಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಉಜ್ಜಬೇಕು. ವಾಲುವ ಬ್ಲೇಡ್ ನಡುಕ ಹುಟ್ಟಿಸಿ ಮೋಟಾರ್ ಬೇರಿಂಗ್ ತಿನ್ನುತ್ತದೆ. ಮಷಿನ್ ಜೊತೆಗೇ ಒಂದು ಹೆಚ್ಚುವರಿ ಬ್ಲೇಡ್ ಕೊಂಡುಬಿಡಿ, ಆಮೇಲೆ ಹುಡುಕಿದಾಗ ಸಿಗುವುದಿಲ್ಲ.

ಪ್ಲಗ್‌ಪಾಯಿಂಟ್:
ನನ್ನದು ಬೇರೆ ಅಭಿಪ್ರಾಯ. 1500 ಚದರಡಿಗೆ, ಹೊರಗೋಡೆಯಲ್ಲಿ ಪ್ಲಗ್ ಇದ್ದರೆ, ವೈರ್ ಇರುವ 1300ರಿಂದ 1600 ವ್ಯಾಟ್ ಮೋವರ್ ಸಾಕು. ಬೆಲೆ ತೀರ ಕಡಿಮೆ, ದಟ್ಟ ಹುಲ್ಲಿನಲ್ಲೂ ಸೋಲುವುದಿಲ್ಲ, ನಾಲ್ಕೈದು ವರ್ಷಕ್ಕೆ ಬ್ಯಾಟರಿ ಬದಲಿಸುವ ಖರ್ಚೂ ಇಲ್ಲ. ಆದರೆ 1.5 ಚದರ ಮಿ.ಮೀ. ರಬ್ಬರ್ ಹೊದಿಕೆಯ ಕೇಬಲ್ ಮತ್ತು ಆ ಪ್ಲಗ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಕಡ್ಡಾಯ. ಪ್ಲಗ್ ಹತ್ತಿರದಿಂದ ಶುರುಮಾಡಿ ದೂರಕ್ಕೆ ಹೋಗುತ್ತ ಕತ್ತರಿಸಿದರೆ ಕೇಬಲ್ ಯಾವಾಗಲೂ ಕತ್ತರಿಸಿದ ಕಡೆಯೇ ಇರುತ್ತದೆ.

ಅಂಗಳ_ಮೈಸೂರು:
ಎಲ್ಲರಿಗೂ ಧನ್ಯವಾದ. ಎರಡು ತೆಂಗಿನ ಮರ ಸುತ್ತಬೇಕಾದ್ದರಿಂದ ವೈರ್ ಬೇಡ ಅನ್ನಿಸುತ್ತಿದೆ. 38 ಸೆಂ.ಮೀ., 5ರ ಎರಡು ಬ್ಯಾಟರಿ ವಿಚಾರಿಸುತ್ತೇನೆ. ಬ್ಯಾಟರಿ ಕಾರ್ ಶೆಡ್‌ನಲ್ಲಿಟ್ಟರೆ ಆಗುತ್ತದಾ? ಮೇಲೆ ಶೀಟ್ ಇದೆ.

ವೋಲ್ಟ್‌ಮೀಟರ್:
ಮಷಿನ್ ಇಡಿ, ಬ್ಯಾಟರಿ ಬೇಡ. ಏಪ್ರಿಲ್‌ನಲ್ಲಿ ಶೀಟ್ ಕೆಳಗಿನ ಬಿಸಿಗೆ ಲಿಥಿಯಂ ಸೆಲ್ ಬೇಗ ಸಾಯುತ್ತದೆ. ಮನೆಯೊಳಗೆ ತಂಪಾದ ಕಡೆ ಇರಲಿ. ಹುಲ್ಲು ಕತ್ತರಿಸಿದ ತಕ್ಷಣ ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ಆರಲಿ. ಚಾರ್ಜರ್ ದೀಪ ಮಿನುಗುತ್ತ ಕಾಯುತ್ತಿದ್ದರೆ ಬ್ಯಾಟರಿ ಇನ್ನೂ ಬಿಸಿಯಿದೆ ಅಂತ ಅರ್ಥ, ಕೆಟ್ಟಿದೆ ಅಂತಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿಡಿ, ಪೂರ್ತಿ ತುಂಬಿಯೂ ಬೇಡ, ಖಾಲಿಯೂ ಬೇಡ. ಬಿಲ್‌ನಲ್ಲಿ ಮಷಿನ್ ವಾರಂಟಿ ಮತ್ತು ಬ್ಯಾಟರಿ ವಾರಂಟಿ ಬೇರೆಬೇರೆಯಾಗಿ ಬರೆಸಿಕೊಳ್ಳಿ, ಅವಧಿ ಸಾಮಾನ್ಯವಾಗಿ ಒಂದೇ ಇರುವುದಿಲ್ಲ.